ತೋಳಿಲ್ಲದ ರವಿಕೆ, ಒಂದೇ ತೋಳಿನ ಸ್ವೆಟರ್, ಫ್ರೀಜರಿನ ಹಿಟ್ಟು: ಅರ್ಧಕ್ಕೆ ನಿಂತದ್ದನ್ನು ಮುಗಿಸುವ ಬಗೆ

ಅರ್ಧಕ್ಕೆ ನಿಂತ ಕೈಕೆಲಸವನ್ನೆಲ್ಲ ಒಮ್ಮೆ ಹೊರಗೆ ತೆಗೆದು ಮಂಚದ ಮೇಲೆ ಹರಡಿ. ರವಿಕೆ ಸಾಮಾನ್ಯವಾಗಿ ತೋಳು ಕೂಡಿಸುವಲ್ಲಿ ನಿಂತಿರುತ್ತದೆ, ಇಲ್ಲವಾದರೆ ಹುಕ್ಕು ಹಾಕುವಲ್ಲಿ. ಸ್ವೆಟರ್ ಎರಡನೇ ತೋಳಿಗೆ ನಿಂತಿರುತ್ತದೆ. ಸೀರೆಯ ಫಾಲಿಗೆ ಕೆಳಗಿನ ಅಂಚಿನ ಹೊಲಿಗೆ ಬಿದ್ದಿರುತ್ತದೆ, ಮೇಲಿನ ಹೆಮ್ಮಿಂಗ್ ಬಾಕಿ. ಕೇಕ್ ಬೆಂದು ಕ್ರೀಮ್ ಕಾಯುತ್ತಿರುತ್ತದೆ. ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಇವೇ ಜಾಗಗಳು. ಅಲ್ಲಿ ಕೆಲಸ ಕಷ್ಟವಿರುತ್ತದೆ, ಬೇಸರದ್ದಿರುತ್ತದೆ, ಅಥವಾ ಬೇಕಾದ ಒಂದು ಚಿಕ್ಕ ಸಾಮಾನು ಮನೆಯಲ್ಲಿರುವುದಿಲ್ಲ.

ಒಂದೊಂದಕ್ಕೂ ಒಂದೊಂದು ಚೀಟಿ ಬರೆದು ಪಿನ್ ಮಾಡಿ. ಚೀಟಿಯಲ್ಲಿ ಮುಂದಿನ ಒಂದು ಕೆಲಸ ಮಾತ್ರ ಇರಲಿ, ಅದೂ ಒಂದು ಕೂರುವಿಕೆಯಲ್ಲಿ ಮುಗಿಯುವಂಥದ್ದು. ‘ಹಸಿರು ರವಿಕೆ ಮುಗಿಸು’ ಎಂದು ಬರೆದರೆ ಅದು ಇನ್ನೊಂದು ವರ್ಷ ಅಲ್ಲೇ ಇರುತ್ತದೆ. ‘ಎಡತೋಳಿಗೆ ಕಚ್ಚಾ ಹೊಲಿಗೆ’ (ಆಮೇಲೆ ಬಿಚ್ಚುವ ಉದ್ದುದ್ದ ಕೈಹೊಲಿಗೆ), ‘6 ಹುಕ್ಕು ತರಬೇಕು’, ‘10 ಸಾಲು ಹೆಣೆದು ದಾರ ತೂಗು’, ಹೀಗೆ ಬರೆಯಿರಿ. ಚೀಟಿಯ ಜೊತೆ ಅದಕ್ಕೆ ಬೇಕಾದ ದಾರ, ಸೂಜಿ, ಹುಕ್ಕು, ಲೈನಿಂಗ್ ತುಂಡನ್ನೆಲ್ಲ ಒಂದೇ ಕವರಿಗೆ ಹಾಕಿಡಿ. ಸಂಜೆ ಸಿಗುವ ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ದಾರ ಹುಡುಕುವುದಕ್ಕೇ ಹೋಗುತ್ತದೆಂಬುದು ಹೊಲಿಯುವವರಿಗೆಲ್ಲ ಗೊತ್ತು.

ಯಾವುದನ್ನು ಮೊದಲು ಹಿಡಿಯಬೇಕು? ಮುಗಿಯಲು ಅತಿ ಹತ್ತಿರವಿರುವುದನ್ನು. ಹುಕ್ಕೊಂದೇ ಬಾಕಿಯಿರುವ ರವಿಕೆ ಒಂದು ಸಂಜೆಯಲ್ಲಿ ಮುಗಿದು ಬೀರುವಿಗೆ ಹೋಗುತ್ತದೆ, ರಾಶಿಯೂ ಒಂದು ಕಡಿಮೆಯಾಗುತ್ತದೆ.

ಮೊದಲು ಅಳತೆ, ಆಮೇಲೆ ಯಂತ್ರ

ವರ್ಷವೆರಡು ವರ್ಷ ಮಡಿಚಿಟ್ಟ ರವಿಕೆಗೆ ಸೂಜಿ ಹಾಕುವ ಮುಂಚೆ ಮೈ ಅಳತೆ ಮತ್ತೆ ತೆಗೆದುಕೊಳ್ಳಿ. ಎದೆ ಸುತ್ತಳತೆ ಎರಡು ಇಂಚು ಹೆಚ್ಚಾಗಿದ್ದರೂ ಗಾಬರಿಯಿಲ್ಲ. ಪಕ್ಕದ ಹೊಲಿಗೆಗಳಲ್ಲಿ ಮುಂಭಾಗದ ಎರಡು, ಹಿಂಭಾಗದ ಎರಡು, ಒಟ್ಟು ನಾಲ್ಕು ಅಂಚು ಸೇರುತ್ತವೆ. ಒಂದೊಂದರಲ್ಲೂ ಅರ್ಧ ಇಂಚು ಬಿಟ್ಟರೆ ಸುತ್ತಳತೆಗೆ ಎರಡು ಇಂಚು ಸಿಕ್ಕಿತು. ಹೊಲಿಗೆಯಾಚೆಯ ಮಾರ್ಜಿನ್ ಒಂದೂವರೆ ಇಂಚು ಇಟ್ಟು ಕತ್ತರಿಸಿದ್ದರೆ, ಕೊನೆಗೆ ಅರ್ಧ ಇಂಚು ಉಳಿಸಿಕೊಂಡೂ ನಾಲ್ಕು ಇಂಚಿನವರೆಗೆ ದೊಡ್ಡದು ಮಾಡಬಹುದು. ಆದರೆ ಪಕ್ಕ ಬಿಟ್ಟಷ್ಟೇ ತೋಳಿನ ಕೆಳಹೊಲಿಗೆಯನ್ನೂ ಬಿಡಬೇಕು. ಅದನ್ನು ಮರೆತರೆ ಆರ್ಮ್‌ಹೋಲ್ (ರವಿಕೆಯಲ್ಲಿ ತೋಳು ಸೇರುವ ತೆರಪು) ದೊಡ್ಡದಾಗಿ ತೋಳು ಚಿಕ್ಕದಾಗಿಯೇ ಉಳಿದು, ಕಂಕುಳಲ್ಲಿ ಬಟ್ಟೆ ಜಗ್ಗುತ್ತದೆ.

ಹಳೇ ದಾರವನ್ನು ಒಂದು ಅಡಿ ಹಿಡಿದು ಜಗ್ಗಿ ನೋಡಿ. ಸಲೀಸಾಗಿ ತುಂಡಾದರೆ ಅದನ್ನು ಕಚ್ಚಾ ಹೊಲಿಗೆಗೆ ಮಾತ್ರ ಇಟ್ಟುಕೊಳ್ಳಿ. ಚುಚ್ಚಿಟ್ಟಿದ್ದ ಗುಂಡುಸೂಜಿ ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆಯಿರಿ. ಬಿಳಿ ಹತ್ತಿಯ ಮೇಲಿನ ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ. ರೇಷ್ಮೆಯ ಮೇಲೆ ಈ ಪ್ರಯೋಗ ಬೇಡ, ಬಣ್ಣವೇ ಹೋಗಬಹುದು.

ತಿಂಗಳುಗಟ್ಟಲೆ ನಿಂತ ಹೊಲಿಗೆ ಯಂತ್ರ ತಿರುಗಲು ಭಾರವಾಗಿರುತ್ತದೆ, ಏಕೆಂದರೆ ಹಳೆ ಎಣ್ಣೆ ಒಳಗೆ ಅಂಟಾಗಿರುತ್ತದೆ. ಕಪ್ಪು ಕಬ್ಬಿಣದ ಹಳೇ ಯಂತ್ರವಾದರೆ ಎಣ್ಣೆ ತೂತುಗಳಿಗೆ ಒಂದೊಂದು ಹನಿ ಸೀಮೆಎಣ್ಣೆ ಬಿಟ್ಟು, ದಾರ ಹಾಕದೆ ಎರಡು ನಿಮಿಷ ಓಡಿಸಿ, ಒರೆಸಿ, ಆಮೇಲೆ ಯಂತ್ರದ ಎಣ್ಣೆ ಬಿಡಿ. ರಾತ್ರಿಯಿಡೀ, ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಕೆಳಗೆ ಒಂದು ಚಿಂದಿ ಸಿಕ್ಕಿಸಿಡಿ, ಸೋರಿದ ಎಣ್ಣೆಯನ್ನು ಅದು ಹೀರುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ, ಮುಂದಿನ ಚಳಿಗೆ ಯಂತ್ರ ಕಲ್ಲಾಗುತ್ತದೆ.

ಸೂಜಿಯನ್ನು ಹೊಸದು ಮಾಡಿ: ಹತ್ತಿಗೆ 14ನೇ ನಂಬರ್, ತೆಳು ರೇಷ್ಮೆಗೆ 11. ಚಿಂದಿಯ ಮೇಲೆ ಹೊಲಿದು ನೋಡಿ. ಕೆಳಗಡೆ ದಾರ ಗೂಡುಗೂಡಾಗಿ ಬಂದರೆ ಎಲ್ಲರೂ ಕೆಳದಾರದ ಉರುಳೆಯಾದ ಬಾಬಿನ್ನನ್ನು ಬೈಯುತ್ತಾರೆ. ತಪ್ಪು ಬಹಳ ಸಲ ಮೇಲಿನ ದಾರದ್ದು. ಅದು ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಕೂತಿರುವುದಿಲ್ಲ. ಪಾದ ಎತ್ತಿಟ್ಟು ದಾರವನ್ನು ಮೊದಲಿಂದ ಪೋಣಿಸಿ. ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ ಸೂಜಿ ಬಾಗಿದೆ, ಮೊಂಡಾಗಿದೆ, ಅಥವಾ ಪೂರ್ತಿ ಮೇಲಕ್ಕೆ ಹೋಗಿಲ್ಲ.

ತೋಳು ಕೂಡಿಸುವುದು

ಇಲ್ಲಿ ಕೈಬಿಟ್ಟವರೇ ಹೆಚ್ಚು. ಸಮಾಧಾನದಿಂದ ಮಾಡಿದರೆ ಒಂದು ತೋಳಿಗೆ ಮುಕ್ಕಾಲು ಗಂಟೆ ಸಾಕು.

ರವಿಕೆಯ ಪಕ್ಕದ ಹೊಲಿಗೆ ಇನ್ನೂ ಹಾಕಿಲ್ಲವಾದರೆ ನಿಮ್ಮ ಅದೃಷ್ಟ. ಭುಜದ ಹೊಲಿಗೆ ಮುಗಿಸಿ, ತೋಳನ್ನು ಚಪ್ಪಟೆಯಾಗಿಯೇ ಕೂಡಿಸಿ, ಆಮೇಲೆ ತೋಳಿನ ತುದಿಯಿಂದ ಕಂಕುಳ ದಾಟಿ ಸೊಂಟದವರೆಗೆ ಒಂದೇ ಹೊಲಿಗೆ ಎಳೆಯಬಹುದು. ಮುಂದೆ ಬಿಗಿಯಾದರೆ ಬಿಚ್ಚುವುದೂ ಸುಲಭ.

ಎರಡು ತೋಳನ್ನೂ ಮೇಜಿನ ಮೇಲಿಟ್ಟು ನೋಡಿ. ತೋಳಿನ ತಲೆಯ (ಭುಜಕ್ಕೆ ಸೇರುವ ಬಾಗಿದ ಅಂಚಿನ) ಒಂದು ಬದಿ ಹೆಚ್ಚು ಒಳಕ್ಕೆ ಕೊರೆದಿರುತ್ತದೆ, ಅದು ಮುಂಭಾಗಕ್ಕೆ. ಎಡ ಬಲ ಅದಲುಬದಲಾದರೆ ಕೈ ಮುಂದಕ್ಕೆ ಚಾಚಿದಾಗ ಬೆನ್ನು ಹಿಡಿಯುತ್ತದೆ, ಎದುರುಗಡೆ ಬಟ್ಟೆ ಸುಕ್ಕಾಗುತ್ತದೆ. ಎಷ್ಟೋ ರವಿಕೆಗಳಲ್ಲಿ ಕಾಣುವ ‘ಕಟಿಂಗ್ ಸರಿಯಿಲ್ಲ’ ಎಂಬ ದೂರಿನ ಮೂಲ ಇದೇ. ಮುಂಭಾಗದ ಬದಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ.

ತೋಳಿನ ತಲೆಯನ್ನು ಮಡಿಚಿ ಮಧ್ಯಕ್ಕೆ ಸಣ್ಣ ಕಚ್ಚು ಕೊಡಿ. ಆ ಕಚ್ಚು ಭುಜದ ಹೊಲಿಗೆಗೆ ತಾಗಬೇಕು. ಅಲ್ಲಿಗೊಂದು ಪಿನ್, ಎರಡೂ ಕೊನೆಗಳಿಗೆ ಒಂದೊಂದು ಪಿನ್. ಈಗ ತೋಳಿನ ತಲೆ ಆರ್ಮ್‌ಹೋಲಿಗಿಂತ ಅರ್ಧದಿಂದ ಒಂದು ಇಂಚು ಉದ್ದವಿರುವುದು ಕಾಣುತ್ತದೆ. ಅದು ತಪ್ಪಲ್ಲ, ಭುಜದ ಉಬ್ಬಿಗೆ ಬೇಕಾದ ಬಟ್ಟೆ. ಆ ಹೆಚ್ಚುವರಿಯನ್ನು ಕತ್ತರಿಸಬೇಡಿ. ಯಂತ್ರದ ಹೊಲಿಗೆಯನ್ನು 4 ಮಿ.ಮೀ.ಗೆ ಇಟ್ಟು, ತೋಳಿನ ಅಂಚಿನಿಂದ ಕಾಲಿಂಚು ಒಳಗೆ ಒಂದು ಸಾಲು, ಅದರ ಪಕ್ಕದಲ್ಲೇ ಇನ್ನೊಂದು ಸಾಲು ಹೊಲಿಯಿರಿ. ತುದಿಯ ದಾರ ಬಿಟ್ಟಿರಿ. ಬಾಬಿನ್ ಕಡೆಯ ದಾರಗಳನ್ನು ಮೆಲ್ಲಗೆ ಎಳೆದು ಬಟ್ಟೆಯನ್ನು ಬೆರಳಲ್ಲಿ ಹಂಚಿ. ನೆರಿಗೆ ಬೀಳುವಷ್ಟು ಎಳೆಯಬೇಡಿ.

ಕಚ್ಚಾ ಹೊಲಿಗೆ ಹಾಕಿದ ಮೇಲೆ ಯಂತ್ರಕ್ಕೆ ಕೊಡುವಾಗ ತೋಳು ಕೆಳಗಿರಲಿ, ರವಿಕೆಯ ಮೈ ಮೇಲಿರಲಿ. ಕೆಳಗಿನ ಹಲ್ಲುಗಳು ತನ್ನ ಕಡೆಯ ಬಟ್ಟೆಯನ್ನು ತುಸು ಹೆಚ್ಚು ಎಳೆದುಕೊಳ್ಳುವುದರಿಂದ ಹೆಚ್ಚುವರಿ ಅಲ್ಲೇ ಅಡಗುತ್ತದೆ. ತೋಳನ್ನು ಮೇಲಿಟ್ಟರೆ ಪಾದವು ಅದನ್ನು ಮುಂದಕ್ಕೆ ತಳ್ಳುತ್ತ ಹೋಗಿ, ಕೊನೆಯಲ್ಲಿ ಒಂದು ದೊಡ್ಡ ಸುಕ್ಕು ಉಳಿಯುತ್ತದೆ. ಮಾಮೂಲಿ 2.5 ಮಿ.ಮೀ. ಹೊಲಿಗೆ ಸಾಕು. ಮೊದಲ ತೋಳಾದ ಕೂಡಲೇ ಎರಡನೆಯದಕ್ಕೂ ಕಚ್ಚಾ ಹೊಲಿಗೆ ಹಾಕಿಯೇ ಎದ್ದೇಳಿ. ಕೈಗೆ ಅಭ್ಯಾಸವಾಗಿರುತ್ತದೆ.

ಹುಕ್ಕಿನ ಲೆಕ್ಕ ಸುಲಭ. ಪಟ್ಟಿ 7 ಇಂಚಿದ್ದರೆ ಮೇಲೆ ಕೆಳಗೆ ಕಾಲು ಕಾಲಿಂಚು ಬಿಟ್ಟು ಉಳಿದ ಆರೂವರೆಯನ್ನು ಐದು ಭಾಗ ಮಾಡಿ, 6 ಹುಕ್ಕಿಗೆ 1.3 ಇಂಚಿನ ಅಂತರ. ಅಂಚಿನಿಂದ ಒಂದು ನೂಲೆಳೆಯಷ್ಟು ಒಳಗಿಟ್ಟರೆ ಹೊರಗೆ ಇಣುಕುವುದಿಲ್ಲ. ಹುಕ್ಕಿನ ಎರಡು ಕಣ್ಣಿಗಲ್ಲದೆ ಕುತ್ತಿಗೆಗೂ ಎರಡು ಹೊಲಿಗೆ ಬೇಕು, ಇಲ್ಲದಿದ್ದರೆ ಎದೆಯ ಬಳಿ ಬಾಯಿ ಬಿಡುತ್ತದೆ. ಹುಕ್ಕು ಸಿಕ್ಕಿಸುವ ಕಾಜಾದ ಜಾಗವನ್ನು ಟೇಪಿನಿಂದ ಗುರುತಿಸಬೇಡಿ. ಹುಕ್ಕಿನ ತುದಿಗಳಿಗೆ ಸೀಮೆಸುಣ್ಣ ಸವರಿ ಪಟ್ಟಿಗಳನ್ನು ಒತ್ತಿದರೆ ಗುರುತು ತಾನೇ ಬೀಳುತ್ತದೆ.

ಸೀರೆಯ ಫಾಲು ಹೊಸದಾಗಿ ಹಚ್ಚುವುದಾದರೆ ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ನೆನೆಸದೆ ಹಚ್ಚಿದರೆ ಮೊದಲ ಒಗೆತಕ್ಕೇ ಫಾಲು ಕುಗ್ಗಿ ಅಂಚು ಮುರುಟುತ್ತದೆ. ರವಿಕೆಯ ಹತ್ತಿ ಲೈನಿಂಗಿಗೂ ಇದೇ ಮಾತು.

ಸ್ವೆಟರ್: ಎರಡನೇ ತೋಳಿನ ಆಲಸ್ಯ

ಕಡ್ಡಿ ಕಾಣೆಯಾಗಿದ್ದರೆ ಅಲ್ಲಿಂದಲೇ ತೊಂದರೆ ಶುರು. ನಮ್ಮ ಅಂಗಡಿಗಳ ಹಳೇ ನಂಬರಿನ ಪ್ರಕಾರ 8ನೇ ಕಡ್ಡಿ ಎಂದರೆ 4 ಮಿ.ಮೀ., 10 ಎಂದರೆ 3.25, 12 ಎಂದರೆ ಇನ್ನೂ ಸಣ್ಣದು. ಅಮೆರಿಕದ ನಂಬರಿನಲ್ಲಿ 8 ಎಂದರೆ 5 ಮಿ.ಮೀ., ಅಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ವಿಡಿಯೊ ನೋಡಿ ‘8ನೇ ಕಡ್ಡಿ’ ಹಿಡಿದವರ ಸ್ವೆಟರ್ ಮಗುವಿನದ್ದಾಗುವುದು ಹೀಗೆ. ನಂಬರ್ ಬಿಟ್ಟು ಮಿಲಿಮೀಟರ್ ಕೇಳಿ.

ಬಹಳ ದಿನ ಕಡ್ಡಿಯ ಮೇಲೆ ಕೂತ ಹೊಲಿಗೆಗಳು ಹಿಗ್ಗಿರುತ್ತವೆ. ಅಲ್ಲಿಂದಲೇ ಮುಂದುವರಿಸಿದರೆ ಅಡ್ಡಲಾಗಿ ಒಂದು ಗೆರೆ ಉಳಿಯುತ್ತದೆ. ಎರಡು ಸಾಲು ಬಿಚ್ಚಿ ಮತ್ತೆ ಹೆಣೆಯಿರಿ. ಬಿಚ್ಚುವ ಮುನ್ನ, ಉಳಿಸಬೇಕಾದ ಸಾಲಿನ ಎಲ್ಲ ಹೊಲಿಗೆಗಳ ಮೂಲಕ ಮೊಂಡು ಸೂಜಿಯಲ್ಲಿ ಬೇರೆ ಬಣ್ಣದ ನುಣುಪು ದಾರ ಪೋಣಿಸಿ. ಏನೇ ಜಾರಿದರೂ ಅಲ್ಲಿಗೆ ನಿಲ್ಲುತ್ತದೆ. ಸಾಲಿನ ನಡುವೆ ಬಿಟ್ಟು ಹೋಗಿದ್ದರೆ ಯಾವ ಕಡೆಗೆ ಹೆಣೆಯುತ್ತಿದ್ದಿರಿ ಎಂಬ ಗೊಂದಲ ಬೇಡ: ಉಂಡೆಯ ದಾರ ಯಾವ ಕಡ್ಡಿಯಿಂದ ಹೊರಟಿದೆಯೋ ಅದು ಬಲಗೈಗೆ.

ಇನ್ನು ಬಿಗಿ. ಆರು ತಿಂಗಳಲ್ಲಿ ಕೈ ಬದಲಾಗಿರುತ್ತದೆ. ಅದೇ ದಾರದಲ್ಲಿ ಒಂದು ಚೌಕ ಹೆಣೆದು 10 ಸೆಂ.ಮೀ.ಗೆ ಎಷ್ಟು ಹೊಲಿಗೆ ಬರುತ್ತದೆಂದು ಎಣಿಸಿ. ಹಿಂಭಾಗದಲ್ಲಿ 22 ಇದ್ದು ಈಗ 20 ಬರುತ್ತಿದೆ ಎನ್ನೋಣ. ಎದೆಯ 90 ಸೆಂ.ಮೀ.ಗೆಂದು ಲೆಕ್ಕ ಹಾಕಿದ 198 ಹೊಲಿಗೆಗಳು ಈಗ 99 ಸೆಂ.ಮೀ. ಆಗುತ್ತವೆ. ಕಡ್ಡಿ ಒಂದು ಸೈಜು ಸಣ್ಣದು ಮಾಡಿ, ಮತ್ತೆ ಚೌಕ ಹೆಣೆದು ನೋಡಿ.

ದಾರ ಸಾಲುತ್ತದೆಯೇ ಎಂಬ ಅಳುಕಿಗೆ ಅಡುಗೆಮನೆಯ ತಕ್ಕಡಿಯೇ ಮದ್ದು. ಉಂಡೆ ತೂಗಿ, 10 ಸಾಲು ಹೆಣೆದು, ಮತ್ತೆ ತೂಗಿ. 12 ಗ್ರಾಂ ಖರ್ಚಾಗಿ, 80 ಸಾಲು ಉಳಿದಿದ್ದರೆ 96 ಗ್ರಾಂ ಬೇಕು. ಕೈಯಲ್ಲಿ 75 ಇದ್ದರೆ ಈಗಲೇ ತೀರ್ಮಾನಿಸಿ: ಕಫ್, ಕತ್ತುಪಟ್ಟಿಗಳನ್ನು ಬೇರೆ ಬಣ್ಣದಲ್ಲಿ ಹಾಕಿ, ಅಥವಾ ತೋಳನ್ನು ಮುಕ್ಕಾಲಿಗೆ ನಿಲ್ಲಿಸಿ. ಅದೇ ಬಣ್ಣ ಕೊಳ್ಳಲು ಹೋದರೆ ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ದಾರಗಳ ಗುರುತು) ನೋಡಿ. ಅದು ಬೇರೆಯಾದರೆ ಬಣ್ಣದ ಛಾಯೆ ಬೇರೆಯಾಗುತ್ತದೆ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಇದು ಗೊತ್ತಾಗುವುದಿಲ್ಲ. ಬೇರೆ ಲಾಟನ್ನೇ ಬಳಸಬೇಕಾದರೆ ಕೆಲವು ಇಂಚು ಹಳತು ಎರಡು ಸಾಲು, ಹೊಸತು ಎರಡು ಸಾಲು ಹೆಣೆದು ಆಮೇಲೆ ಪೂರ್ತಿ ಹೊಸತಕ್ಕೆ ಹೋಗಿ.

ಎರಡೂ ತೋಳು ಇನ್ನೂ ಶುರುವಾಗಿಲ್ಲವಾದರೆ ಒಂದೇ ಉದ್ದ ಕಡ್ಡಿಯ ಮೇಲೆ, ಎರಡು ಉಂಡೆಗಳಿಂದ, ಜೊತೆಯಲ್ಲೇ ಹೆಣೆಯಿರಿ. ಸಾಲು ನಿಧಾನ, ನಿಜ. ಆದರೆ ಎರಡೂ ಒಂದೇ ಉದ್ದವಾಗುತ್ತವೆ, ‘ಇನ್ನೊಂದು ತೋಳು’ ಎಂಬ ಬಾಕಿಯೇ ಇರುವುದಿಲ್ಲ.

ಜೋಡಿಸಿದ ಮೇಲೆ ಅಕ್ರಿಲಿಕ್ ಸ್ವೆಟರಿಗೆ ಬಿಸಿ ಇಸ್ತ್ರಿ ತಾಗಿಸಬೇಡಿ. ಎಳೆ ಕರಗಿದಂತಾಗಿ ಚಪ್ಪಟೆಯಾಗುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.

ಬೇಕಿಂಗ್: ಪೊಟ್ಟಣಗಳ ಪರೀಕ್ಷೆ

ಬಟ್ಟೆಯಂತೆ ಇದು ಕಾಯುವುದಿಲ್ಲ, ಆದ್ದರಿಂದ ತೆರೆದ ಪೊಟ್ಟಣಗಳಿಂದ ಶುರುಮಾಡಿ. ಬೇಕಿಂಗ್ ಪೌಡರ್ ಅರ್ಧ ಚಮಚ ಬಿಸಿನೀರಿಗೆ ಹಾಕಿದರೆ ಬುರಬುರನೆ ನೊರೆ ಬರಬೇಕು. ಸೋಡಾಗೆ ನಿಂಬೆರಸ. ಯೀಸ್ಟಿಗೆ ಅರ್ಧ ಕಪ್ ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್. ಹತ್ತು ನಿಮಿಷದಲ್ಲಿ ನೊರೆ ಏಳದಿದ್ದರೆ ಸಿಂಕಿಗೆ ಸುರಿಯಿರಿ. ಸತ್ತ ಯೀಸ್ಟಿನ ಮೇಲೆ ಮೈದಾ, ಬೆಣ್ಣೆ ದಂಡ ಮಾಡುವುದು ಬೇಡ. ಡಬ್ಬಿಯ ಕಂಡೆನ್ಸ್ಡ್ ಮಿಲ್ಕನ್ನು ಗಾಜಿನ ಬಾಟಲಿಗೆ ಬದಲಾಯಿಸಿ ಫ್ರಿಜ್ಜಿನಲ್ಲಿಟ್ಟು ಒಂದೆರಡು ವಾರದಲ್ಲಿ ಮುಗಿಸಿ.

ಬೆಂದ ಸ್ಪಂಜ್ ಕೇಕಿಗೆ ಕ್ರೀಮ್ ಹಾಕಲು ಆಗದಿದ್ದರೆ ಪೂರ್ತಿ ತಣ್ಣಗಾದ ಮೇಲೆ ಎರಡು ಪದರ ಪ್ಲಾಸ್ಟಿಕ್ ಸುತ್ತಿ ಫ್ರೀಜರಿನಲ್ಲಿಡಿ, ಒಂದೆರಡು ತಿಂಗಳು ಚೆನ್ನಾಗಿರುತ್ತದೆ. ತೆಗೆದಾಗ ಸುತ್ತಿದ ಹಾಗೆಯೇ ಕರಗಲು ಬಿಡಿ. ಬಿಚ್ಚಿದರೆ ಕೇಕಿನ ಮೇಲೆಯೇ ನೀರು ಕೂರುತ್ತದೆ. ಕ್ರೀಮ್ ಜಾರಿ ಬೀಳುವುದು ಬಹುತೇಕ ಕೇಕ್ ಇನ್ನೂ ಬೆಚ್ಚಗಿರುವುದರಿಂದ.

ಒಂದೇ ಸಲಕ್ಕೆ ಮುಗಿಸಬೇಕಿಲ್ಲದ ಕೆಲಸ ಬೇಕೆಂದರೆ ಖಾರ ಬಿಸ್ಕತ್ತಿನ ಹಿಟ್ಟು. 250 ಗ್ರಾಂ ಮೈದಾ, 125 ಗ್ರಾಂ ಮೆತ್ತಗಿನ ಬೆಣ್ಣೆ, 2 ದೊಡ್ಡ ಚಮಚ ಪುಡಿ ಸಕ್ಕರೆ, ಒಂದು ಚಮಚ ಉಪ್ಪು, ಅರ್ಧ ಚಮಚ ಬೇಕಿಂಗ್ ಪೌಡರ್, ನಾಲ್ಕು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸಣ್ಣಗೆ ಹೆಚ್ಚಿದ್ದು. ಬೆಣ್ಣೆಗೆ ಉಪ್ಪು ಇದ್ದರೆ ಉಪ್ಪು ಅರ್ಧ. ಎರಡು ಮೂರು ದೊಡ್ಡ ಚಮಚ ಗಟ್ಟಿ ಮೊಸರಿನಲ್ಲಿ ಒಟ್ಟುಗೂಡಿಸಿ. ನಾದಬೇಡಿ, ನಾದಿದರೆ ಗರಿಗರಿ ಹೋಗಿ ಗಟ್ಟಿಯಾಗುತ್ತದೆ. ಕೋಲಿನಂತೆ ಉರುಳಿಸಿ, ಸುತ್ತಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಒಂದು ಸೆಂ.ಮೀ.ಗಿಂತ ತುಸು ತೆಳ್ಳಗೆ ಕೊಯ್ದು, ಮೊದಲೇ ಕಾಸಿದ ಓವನಿನಲ್ಲಿ 180 ಡಿಗ್ರಿಗೆ 18ರಿಂದ 20 ನಿಮಿಷ. ಉಳಿದ ಕೋಲನ್ನು ದಿನಾಂಕ ಬರೆದು ಫ್ರೀಜರಿಗೆ ಹಾಕಿ. ಒಂದು ತಿಂಗಳೊಳಗೆ ಬೇಕಾದಾಗ ಹತ್ತು ನಿಮಿಷ ಹೊರಗಿಟ್ಟು ಕೊಯ್ದು, ಎರಡು ಮೂರು ನಿಮಿಷ ಹೆಚ್ಚು ಬೇಯಿಸಿ.

ಹಿಟ್ಟು ಫ್ರಿಜ್ಜಿನಲ್ಲಿರುವ ಆ ಅರ್ಧ ಗಂಟೆ ಆರು ಹುಕ್ಕಿಗೆ ಸರಿಯಾಗಿ ಸಾಕು. ಆದರೆ ಬೆಣ್ಣೆಯ ಕೈಯನ್ನು ಸೋಪು ಹಾಕಿ ತೊಳೆಯದೆ ರೇಷ್ಮೆ ಮುಟ್ಟಬೇಡಿ.

ಮುಗಿಸಬಾರದ್ದು

ಅಳತೆಗೆ ಯಾವ ರೀತಿಯಲ್ಲೂ ಬರದ ರವಿಕೆ, ಮಕ್ಕಳು ಬೆಳೆದು ಬೇಡವಾದ ಲಂಗ, ಬಣ್ಣ ಇಷ್ಟವಾಗದ ಕುರ್ತಾ, ಇವುಗಳ ಮೇಲೆ ಇನ್ನೊಂದು ಸಂಜೆ ಹಾಕುವುದು ದಂಡ. ಹುಕ್ಕು, ಲೇಸು, ಗುಂಡಿ ಬಿಚ್ಚಿ ಡಬ್ಬಿಗೆ ಹಾಕಿ, ಹತ್ತಿಯ ಬಟ್ಟೆಯನ್ನು ಕೌದಿಗೆ ಕತ್ತರಿಸಿ. ಹಳೇ ಹತ್ತಿ ಸೀರೆಯನ್ನು ಎರಡು ಮೂರು ಪದರ ಹಾಸಿ, ತುಂಡುಗಳ ಅಂಚು ಒಳಮಡಿಚಿ, ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತ ಒಳಕ್ಕೆ ಸಾದಾ ಹೊಲಿಗೆ ಹಾಕುತ್ತ ಬನ್ನಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕ್ರಮ ಇದೇ, ಮೂಲೆಗಳಿಗೆ ಅವರು ಮಡಿಚಿದ ಬಣ್ಣದ ತುಂಡುಗಳ ಹೂ ಕೂರಿಸುತ್ತಾರೆ. ಹೊಸ ತುಂಡು ಸಿಕ್ಕಾಗ ಸೇರಿಸುತ್ತ ಹೋಗಬಹುದಾದ್ದರಿಂದ ಕೌದಿಗೆ ಅವಸರವಿಲ್ಲ. ಇದೊಂದನ್ನು ಮಾತ್ರ ಚೀಟಿ ಇಲ್ಲದೆಯೂ ಬುಟ್ಟಿಯಲ್ಲಿ ಇಡಬಹುದು.