ಓಡಿಹೋದ ರಾಜಕುಮಾರಿಯ ಕೇಕ್: ಮನೆಯಲ್ಲೇ ರಿಗೋ ಯಾಂಚಿ ಮಾಡುವುದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ಈ ಹಂಗೇರಿ ಕೇಕಿಗೆ ಎರಡು ದಿನ ಬೇಕು. ಸಂಜೆ ನೆಂಟರು ಬರ್ತಾರೆ ಅಂತ ಬೆಳಗ್ಗೆ ಶುರು ಮಾಡಿದರೆ ಆಗಲ್ಲ. ನಾನು ಹಾಗೆ ಮಾಡಿ, ಕೊನೆಗೆ ಚಾಕೊಲೇಟ್ ಸಾರನ್ನು ಬಟ್ಟಲಲ್ಲಿ ಹಾಕಿ ಕೊಟ್ಟಿದ್ದೇನೆ.

ಮೊದಲ ರಾತ್ರಿ ಕ್ರೀಮ್ ಮಾಡಿಡಿ. 400 ಮಿ.ಲೀ. ವಿಪ್ಪಿಂಗ್ ಕ್ರೀಮ್ ತಗೊಳ್ಳಿ, ಡಬ್ಬಿ ಮೇಲೆ ಕೊಬ್ಬು 35% ಅಂತಾದರೂ ಇರಬೇಕು. ಗ್ರೇವಿಗೆ ಹಾಕುವ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25% ಆಸುಪಾಸು ಇರುತ್ತದೆ, ಅದನ್ನು ಕೈ ಬಿದ್ದುಹೋಗುವ ತನಕ ಕಡೆದರೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಕ್ರೀಮ್ ಅಂಚಿನಲ್ಲಿ ಸಣ್ಣಗೆ ಗುಳ್ಳೆ ಬಂದ ಕೂಡಲೇ ಇಳಿಸಿ, ಹೆಚ್ಚಿಟ್ಟ 200 ಗ್ರಾಂ ಡಾರ್ಕ್ ಚಾಕೊಲೇಟ್ ಮೇಲೆ ಸುರಿಯಿರಿ. ಎರಡು ನಿಮಿಷ ಮುಟ್ಟಬೇಡಿ. ಆಮೇಲೆ ಕಲಸಿ, ಒಂದು ಚಮಚ ರಮ್ ಹಾಕಿ (ಬೇಡದವರು ವೆನಿಲಾ), ಮುಚ್ಚಿ ಫ್ರಿಜ್ಜಿನಲ್ಲಿಡಿ.

ಈಗ ಹೆಸರಿನ ಕಥೆ. ಕ್ಲಾರಾ ವಾರ್ಡ್ ಹುಟ್ಟಿದ್ದು 1873ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಅಪ್ಪ ಹಡಗು, ಉಕ್ಕಿನ ವ್ಯವಹಾರದಲ್ಲಿ ಕೋಟಿಗಟ್ಟಲೆ ಮಾಡಿಟ್ಟು, ಇವಳು ಕೂಸಾಗಿದ್ದಾಗಲೇ ತೀರಿಕೊಂಡರು. 1890ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ಬೆಲ್ಜಿಯಂನ ಕಾರಮಾನ್-ಶಿಮೇ ಮನೆತನದ ರಾಜಕುಮಾರನ ಜೊತೆ ಮದುವೆ. ಅವರಿಗೆ ಪದವಿ ಇತ್ತು, ಇವರಿಗೆ ದುಡ್ಡಿತ್ತು, ಲೆಕ್ಕ ಸರಿಹೋಯ್ತು ಅಲ್ವಾ? ಎರಡು ಮಕ್ಕಳೂ ಆದವು. 1896ರಲ್ಲಿ ಪ್ಯಾರಿಸ್‌ನ ರೆಸ್ಟೋರೆಂಟಿನಲ್ಲಿ ಪಿಟೀಲು ನುಡಿಸುತ್ತಿದ್ದ ಹಂಗೇರಿಯ ರೋಮಾ (ಹೊರಗಿನವರು ಜಿಪ್ಸಿ ಅಂತ ಕರೆಯುವ ಸಮುದಾಯ) ಕಲಾವಿದ ರಿಗೋ ಯಾಂಚಿ ಕಣ್ಣಿಗೆ ಬಿದ್ದ, ಅದೇ ವರ್ಷ ಮುಗಿಯುವುದರೊಳಗೆ ಅವನ ಜೊತೆ ಹೊರಟೇಬಿಟ್ಟಳು. 1897ರ ಜನವರಿಯಲ್ಲಿ ವಿಚ್ಛೇದನ. ಚಿತ್ರಕಾರ ತುಲೂಸ್-ಲೋಟ್ರೆಕ್ ಈ ಜೋಡಿಯ ಕಲ್ಲಚ್ಚು ಚಿತ್ರವನ್ನೇ ಮಾಡಿದ. ಕೇಕನ್ನು ರಿಗೋನೇ ಅವಳಿಗಾಗಿ ಮಾಡಿಸಿದ ಅಂತ ಹಂಗೇರಿಯಲ್ಲಿ ಕೆಲವರು ಹೇಳ್ತಾರೆ, ಯಾವನೋ ಬೇಕರಿಯವನು ಅವರ ಹೆಸರಿಟ್ಟು ಮಾರಿದ ಅಂತ ಇನ್ನು ಕೆಲವರು. ನನಗೆ ಎರಡನೆಯದೇ ನಂಬಿಕೆ. ಆ ಹೆಸರಿಗೆ ಆಗ ಅಷ್ಟು ಬೇಡಿಕೆ ಇತ್ತು.

ಮರುದಿನ ಸ್ಪಂಜ್. 5 ಮೊಟ್ಟೆಯ ಬಿಳಿ, ಹಳದಿ ಬೇರೆ ಮಾಡಿ. ಬಿಳಿಯನ್ನು 100 ಗ್ರಾಂ ಸಕ್ಕರೆ ಜೊತೆ ಗಟ್ಟಿ ನೊರೆ ಬರುವಂತೆ ಕಡೆದು, ಹಳದಿ ಸೇರಿಸಿ. 70 ಗ್ರಾಂ ಮೈದಾ, 30 ಗ್ರಾಂ ಕೋಕೋ ಜರಡಿ ಹಿಡಿದು ಹಾಕಿ, 40 ಗ್ರಾಂ ಕರಗಿಸಿದ ಬೆಣ್ಣೆ ಹಾಕಿ, ನೊರೆ ಇಳಿಯದಂತೆ ಮೆಲ್ಲಗೆ ಮಗುಚಿ. ಬಟರ್ ಪೇಪರ್ ಹಾಸಿದ 30×20 ಸೆಂ.ಮೀ. ಟ್ರೇಯಲ್ಲಿ ಹರಡಿ, 180 ಡಿಗ್ರಿಯಲ್ಲಿ 12ರಿಂದ 14 ನಿಮಿಷ. ಆರಿದ ಮೇಲೆ ಉದ್ದದ ಬದಿಯನ್ನು ಅರ್ಧಕ್ಕೆ ಕತ್ತರಿಸಿ, 15×20ರ ಎರಡು ತುಂಡು ಸಿಗುತ್ತದೆ.

ಒಂದು ತುಂಡಿನ ಮೇಲೆ ಏಪ್ರಿಕಾಟ್ ಜಾಮ್ ತೆಳ್ಳಗೆ ಸವರಿ. ಸಿಗದಿದ್ದರೆ ಹತ್ತು ಒಣ ಏಪ್ರಿಕಾಟ್ ನೆನೆಸಿ, ಸ್ವಲ್ಪ ಸಕ್ಕರೆ ಹಾಕಿ ಬೇಯಿಸಿ ರುಬ್ಬಿ. ಮಿಕ್ಸೆಡ್ ಫ್ರೂಟ್ ಜಾಮ್ ಮಾತ್ರ ಬೇಡ. ಇಲ್ಲಿ ಹುಳಿ ಬೇಕು, ಸಿಹಿ ಆಗಲೇ ಜಾಸ್ತಿ ಇದೆ.

ಇನ್ನೊಂದು ತುಂಡಿಗೆ 100 ಗ್ರಾಂ ಡಾರ್ಕ್ ಚಾಕೊಲೇಟ್, 30 ಗ್ರಾಂ ಬೆಣ್ಣೆ ಕರಗಿಸಿ ಸುರಿಯಿರಿ. ಬೆರಳಿಗೆ ಅಂಟದಷ್ಟು ಆರಿದ ಕೂಡಲೇ, ಪೂರ್ತಿ ಗಟ್ಟಿಯಾಗುವ ಮೊದಲೇ, 5 ಸೆಂ.ಮೀ. ಚೌಕಗಳಾಗಿ ಕತ್ತರಿಸಿ. ಹನ್ನೆರಡು ಬರುತ್ತವೆ. ಇಡೀ ಕೇಕ್ ಜೋಡಿಸಿ ಆಮೇಲೆ ಕತ್ತರಿಸಲು ಹೋದರೆ ಮೇಲಿನ ಚಾಕೊಲೇಟ್ ಒಡೆದು, ಕ್ರೀಮೆಲ್ಲ ಪಕ್ಕಕ್ಕೆ ಉಕ್ಕುತ್ತದೆ.

ಅದು ಆರುವಾಗ ಇನ್ನೊಂದು ವಿಷಯ. ಈ ಕಥೆ ಹೇಳುವವರು ಡೇರೆ, ಕುದುರೆ ಗಾಡಿ, ಬೆಂಕಿ ಸುತ್ತ ಕುಣಿತ ಎಲ್ಲ ಸೇರಿಸಿ, ಶ್ರೀಮಂತ ಹೆಣ್ಣು ಅಲೆಮಾರಿ ಬದುಕಿಗೆ ಮರುಳಾದಳು ಅಂತಾರೆ. ರಿಗೋ ಅಲೆಮಾರಿಯೇನಲ್ಲ. ಕೋಟು ಹಾಕಿ ಶ್ರೀಮಂತರ ಊಟದ ಮೇಜಿನ ಪಕ್ಕ ನುಡಿಸುವ ತಂಡದ ಮುಖ್ಯಸ್ಥ, ಹಂಗೇರಿಯಲ್ಲಿ ಅಂಥವರಿಗೆ ಪ್ರೀಮಾಶ್ ಅಂತಾರೆ. ಅನೇಕ ರೋಮಾ ಮನೆತನಗಳಲ್ಲಿ ಅದು ಅಪ್ಪನಿಂದ ಮಗನಿಗೆ ಬರುವ ಕಸುಬು. ಅವನಿಗೂ ಹೆಂಡತಿ ಇದ್ದಳು, ಆ ಹೆಣ್ಣುಮಗಳ ಹೆಸರಲ್ಲಿ ಯಾರೂ ಕೇಕ್ ಮಾಡಲಿಲ್ಲ! ಜಿಪ್ಸಿ ಅನ್ನೋ ಪದವನ್ನೂ ಸುಮ್ನೆ ಬಳಸಬೇಡಿ, ಅನೇಕ ರೋಮಾ ಜನರಿಗೆ ಅದು ಬೈಗುಳ. ಅವರ ಪೂರ್ವಿಕರು ಹೋಗಿದ್ದು ಭಾರತದಿಂದಲೇ. ನೀರಿಗೆ ಅವರೂ ಪಾನಿ ಅಂತಾರೆ, ನಮ್ಮ ತಾಂಡಾಗಳ ಲಂಬಾಣಿಯವರ ಹಾಗೆ. ಕ್ಲಾರಾ 1904ರಲ್ಲಿ ಇಟಲಿಯವನೊಬ್ಬನನ್ನು ಮದುವೆಯಾಗಿ, 1916ರಲ್ಲಿ ಪಾಡುವಾದಲ್ಲಿ ತೀರಿಕೊಂಡಳು, 43ನೇ ವಯಸ್ಸಿಗೆ. ರಿಗೋ ಸತ್ತಿದ್ದು 1927ರಲ್ಲಿ, ನ್ಯೂಯಾರ್ಕ್‌ನಲ್ಲಿ.

ಈಗ ಫ್ರಿಜ್ಜಿನ ಕ್ರೀಮ್ ತೆಗೆದು ಕಡೆಯಿರಿ. ಬಣ್ಣ ತಿಳಿಯಾಗಿ, ಬೀಟರ್ ಎತ್ತಿದಾಗ ಕೋಡು ನಿಂತರೆ ಸಾಕು. ಇನ್ನೊಂದು ನಿಮಿಷ ಜಾಸ್ತಿಯಾದರೆ ಮೊಸರು ಒಡೆದ ಹಾಗೆ ತರಿತರಿ ಆಗುತ್ತದೆ. ಜಾಮ್ ಮೇಲೆ ಮೂರು ಸೆಂ.ಮೀ. ದಪ್ಪ ಹಾಕಿ, ಮೇಲೆ ಚೌಕಗಳನ್ನು ಒತ್ತೊತ್ತಾಗಿ ಜೋಡಿಸಿ, ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಚೌಕಗಳ ನಡುವೆ ನೇರ ಕೆಳಕ್ಕೆ ಕತ್ತರಿಸಿ. ಪ್ರತಿ ಸಲವೂ ಒರೆಸಬೇಕು, ಇಲ್ಲಾಂದ್ರೆ ಬಿಳಿ ತಟ್ಟೆ ತುಂಬಾ ಚಾಕೊಲೇಟ್ ಗೀರು.