ಆಡಿಯೋ ಸಿಡಿ ಬ್ಯಾಕಪ್: ಬೀಗ ಹಾಕಿದ ಡಿಸ್ಕ್ ಸಿಕ್ಕರೆ ಏನು ಮಾಡಬೇಕು?

ಪೆನ್‌ಡ್ರೈವ್‌ನಲ್ಲಿ ಹತ್ತು ಫೈಲ್ ಕಾಣುತ್ತವೆ, ಒಂದೂ ಹಾಡುವುದಿಲ್ಲ. ಸಿಡಿ ಬ್ಯಾಕಪ್ ಮಾಡಲು ಹೊರಟವರಿಂದ ನಾನು ಜಾಸ್ತಿ ಕೇಳುವ ದೂರು ಇದೇ. ಕಂಪ್ಯೂಟರಿಗೆ ಸಿಡಿ ಹಾಕುತ್ತಾರೆ, ಪರದೆಯ ಮೇಲೆ ಬರುವ ‘ಸಿಡಿಎ’ ಫೈಲುಗಳನ್ನು ಎಳೆದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತಾರೆ, ಡಿಸ್ಕನ್ನು ಗುಜರಿಗೆ ಕೊಡುತ್ತಾರೆ. ಆ ಒಂದೊಂದು ಫೈಲೂ ಬರೀ 44 ಬೈಟ್. ಹಾಡು ಡಿಸ್ಕಿನ ಯಾವ ಜಾಗದಲ್ಲಿದೆ ಅನ್ನುವುದಷ್ಟೇ ಅದರಲ್ಲಿರುತ್ತದೆ. ವಿಳಾಸದ ಚೀಟಿ ಇಟ್ಟುಕೊಂಡು ಮನೆ ಮಾರಿದ ಹಾಗಾಯ್ತು.

ನಮ್ಮ ಕಡೆ ಇದು ದೊಡ್ಡ ನಷ್ಟ. ದಾವಣಗೆರೆಯ ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿಯ ಜಾತ್ರೆ, ಚಿತ್ರದುರ್ಗದ ಶರಣ ಸಂಸ್ಕೃತಿ ಉತ್ಸವಕ್ಕೆ ಹೋದವರು ತಂದ ವಚನ, ತತ್ವಪದ, ಸೋಬಾನೆ ಪದ, ಕೋಲಾಟದ ಪದಗಳ ಸಿಡಿ ಎಷ್ಟೋ ಮನೆಗಳಲ್ಲಿವೆ. ಅವುಗಳಲ್ಲಿ ಎಷ್ಟೋ ಹಾಡುಗಳು ಮೊಬೈಲ್ ಆಪ್‌ಗಳಲ್ಲಿ ಸಿಗುವುದಿಲ್ಲ. ಸಿನಿಮಾ ಹಾಡು ನಾಳೆಯೂ ಸಿಗುತ್ತದೆ. ಅದಕ್ಕೇ ಮೊದಲು ಇವುಗಳ ಬ್ಯಾಕಪ್ ಮಾಡಿ.

ಕಾನೂನಿನ ಮಾತು ಚಿಕ್ಕದಾಗಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಸ್ವಂತ ಬಳಕೆಗಾಗಿ ನ್ಯಾಯವಾದ ಮಿತಿಯಲ್ಲಿ ಬಳಸಿಕೊಳ್ಳಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ (ಪ್ರತಿ ಮಾಡದಂತೆ ಡಿಸ್ಕಿಗೆ ಹಾಕಿದ ತಡೆ) ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಹಾಗಾಗಿ ನೀವು ಕೊಂಡ ಸಿಡಿ, ನಿಮ್ಮ ಸ್ವಂತ ಬಳಕೆಗಷ್ಟೇ ಪ್ರತಿ. ಪ್ರತಿ ಮಾಡಿಕೊಂಡು ಮೂಲವನ್ನು ಮಾರುವುದು, ವಾಟ್ಸಾಪ್ ಗುಂಪಿಗೆ ಹರಿಬಿಡುವುದು ಬೇಡವೇ ಬೇಡ.

ಹಂತ 1: ಡಿಸ್ಕ್ ಯಾವ ಜಾತಿಯದು ನೋಡಿ

ನೂರು ಹಾಡಿನ ಎಂಪಿ3 ಸಿಡಿ ಆಗಿದ್ದರೆ ಸುಮ್ನೆ ಕಾಪಿ ಮಾಡಿ, ಕೆಲಸ ಮುಗಿಯಿತು. ಆಡಿಯೋ ಸಿಡಿ ಆದರೆ ಕೆಳಭಾಗದ ಬಣ್ಣ ನೋಡಿ. ಬೆಳ್ಳಿ ಬಣ್ಣ ಇದ್ದರೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು. ಹಸಿರು ಅಥವಾ ನೀಲಿ ಛಾಯೆ ಇದ್ದರೆ ಬರ್ನ್ ಮಾಡಿದ ಸಿಡಿ-ಆರ್. ಅದರ ಬಣ್ಣದ ಪದರವೇ ಹಾಡನ್ನು ಹಿಡಿದಿಟ್ಟಿರುತ್ತದೆ, ಬಿಸಿಲಿಗೆ ಅದು ಮಾಸುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿರುವ ಸಿಡಿ-ಆರ್ ಇದ್ದರೆ ಇವತ್ತೇ ಮೊದಲು ಅದನ್ನು ತೆಗೆದುಕೊಳ್ಳಿ.

ಹಂತ 2: ಒರೆಸುವುದು

ಮೆತ್ತನೆಯ ಬಟ್ಟೆಯಿಂದ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಬೇಡಿ. ಹಾಡು ಸುರುಳಿಯಾಗಿ ಬರೆದಿರುವುದರಿಂದ ಆ ದಿಕ್ಕಿನ ಗೀರು ಒಂದೇ ಕಡೆ ಉದ್ದಕ್ಕೆ ಹಾಳು ಮಾಡುತ್ತದೆ. ಟೂತ್‌ಪೇಸ್ಟ್ ಹಚ್ಚಿ ಅಂತ ಹೇಳುವವರ ಮಾತು ಕೇಳಲೇಬೇಡಿ. ಗೀರು ತೆಗೆಯುವ ಅಗ್ಗದ ಕಿಟ್‌ಗಳನ್ನೂ ಕೊಳ್ಳಬೇಡಿ. ಲೇಬಲ್ ಬದಿಗೆ ಇನ್ನೂ ಜಾಸ್ತಿ ಜೋಪಾನ ಬೇಕು. ಅಲ್ಯೂಮಿನಿಯಂ ಪದರ ಇರುವುದು ಅದರ ಕೆಳಗೇ, ತೆಳ್ಳನೆಯ ಲ್ಯಾಕರ್ ಅಷ್ಟೇ ಅದಕ್ಕೆ ರಕ್ಷಣೆ. ಅಂಟಿಸಿದ ಸ್ಟಿಕ್ಕರ್ ಕೀಳಲು ಹೋದರೆ ಹಾಡೂ ಕಿತ್ತು ಬರುತ್ತದೆ.

ಹಂತ 3: ಬೀಗ, ಮತ್ತು ಓದಿಸುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಫಿಲಿಪ್ಸ್ ಮತ್ತು ಸೋನಿ ಸೇರಿ ಮಾಡಿದ ಆಡಿಯೋ ಸಿಡಿಯ ಮೂಲ ನಿಯಮದಲ್ಲಿ ಬೀಗ ಅನ್ನುವುದೇ ಇಲ್ಲ. ಸೆಕೆಂಡಿಗೆ 44,100 ಮಾದರಿ, 16 ಬಿಟ್, ಎರಡು ಚಾನೆಲ್, ಅಷ್ಟೇ. ಕಂಪ್ಯೂಟರಿನಲ್ಲಿ ಪ್ರತಿ ಮಾಡುವುದು ಹೆಚ್ಚಾದ ಮೇಲೆ, 2000ದ ದಶಕದ ಮೊದಲ ವರ್ಷಗಳಲ್ಲಿ, ಕೆಲವು ವಿದೇಶಿ ಕಂಪನಿಗಳು ಮೇಲಿಂದ ಬೀಗ ಹಾಕಲು ಹೊರಟವು. ಅಂಥ ಡಿಸ್ಕಿಗೆ ಸಿಡಿಯ ಅಧಿಕೃತ ಗುರುತು ಹಾಕುವಂತಿಲ್ಲ ಅಂತ ಫಿಲಿಪ್ಸ್ ತಕರಾರು ತೆಗೆಯಿತು. ನಿಮ್ಮ ಡಿಸ್ಕಿನ ಮೇಲೆ ‘ಕಾಂಪ್ಯಾಕ್ಟ್ ಡಿಸ್ಕ್’ ಗುರುತು ಇಲ್ಲದೆ ‘ಕಾಪಿ ಕಂಟ್ರೋಲ್’ ಅಂತ ಇದ್ದರೆ ಬೀಗ ಇದೆ ಅಂತಲೇ ತಿಳಿಯಿರಿ.

ಬೀಗದಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಹಾಡಿನ ಜೊತೆಗೆ ಇನ್ನೊಂದು ಸೆಷನ್ (ಬೇರೆಯಾಗಿ ಬರೆದ ಭಾಗ) ಸೇರಿಸಿ ಕಂಪ್ಯೂಟರಿಗೆ ತಪ್ಪು ಪಟ್ಟಿ ತೋರಿಸುವುದು. ಡೆಕ್, ಅಂದರೆ ಮನೆಯ ಸಿಡಿ ಪ್ಲೇಯರ್, ಮೊದಲ ಸೆಷನ್ ಮಾತ್ರ ಓದುತ್ತದೆ, ಅದಕ್ಕೆ ತೊಂದರೆಯಿಲ್ಲ. ಎರಡು, ಬೇಕಂತಲೇ ದೋಷ ತುಂಬುವುದು. ಡೆಕ್ ಅಕ್ಕಪಕ್ಕದ ಮಾದರಿ ನೋಡಿ ಊಹಿಸಿ ತುಂಬಿಕೊಳ್ಳುತ್ತದೆ, ಕಂಪ್ಯೂಟರ್ ತಡವರಿಸುತ್ತದೆ. ಮೂರು, ಡಿಸ್ಕ್ ಹಾಕಿದ ಕೂಡಲೇ ತಂತ್ರಾಂಶ ಇನ್‌ಸ್ಟಾಲ್ ಆಗುವಂತೆ ಮಾಡುವುದು.

ಈ ಮೂರನೆಯದೇ ಅಪಾಯ. ಸೋನಿ ಬಿಎಂಜಿ ಕಂಪನಿಯ ಕೆಲವು ಸಿಡಿಗಳಲ್ಲಿದ್ದ ‘ಎಕ್ಸ್‌ಸಿಪಿ’ ತಂತ್ರಾಂಶ ವಿಂಡೋಸ್‌ನಲ್ಲಿ ಕಣ್ಣಿಗೆ ಕಾಣದಂತೆ ಅಡಗಿ ಕೂರುತ್ತಿತ್ತು. ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಅದನ್ನು 2005ರ ಅಕ್ಟೋಬರ್ 31ರಂದು ಬಯಲಿಗೆಳೆದರು. ಅದರ ಮರೆಯಲ್ಲಿ ವೈರಸ್‌ಗಳೂ ಅಡಗತೊಡಗಿದವು. ಮುಂದಿನ ತಿಂಗಳೇ ಕಂಪನಿ ಆ ಸಿಡಿಗಳನ್ನು ವಾಪಸ್ ಪಡೆಯಬೇಕಾಯಿತು. ಅಂಥ ಡಿಸ್ಕ್ ಸೆಕೆಂಡ್‌ಹ್ಯಾಂಡ್ ಆಗಿ ಇಂದಿಗೂ ಕೈಗೆ ಬರಬಹುದು. ಆದ್ದರಿಂದ ಡಿಸ್ಕ್ ಹಾಕುವ ಮೊದಲೇ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ‘ಹಾಡು ಕೇಳಲು ಈ ಪ್ಲೇಯರ್ ಹಾಕಿಕೊಳ್ಳಿ’ ಅಂತ ಕೇಳಿದರೆ ಬೇಡ ಅನ್ನಿ. ಲಿನಕ್ಸ್ ಇದ್ದರೆ ಇನ್ನೂ ಒಳ್ಳೆಯದು, ಆ ತಂತ್ರಾಂಶ ಅಲ್ಲಿ ಓಡುವುದೇ ಇಲ್ಲ.

ಈಗ ಓದಿಸುವುದು. ವಿಂಡೋಸ್‌ಗೆ ‘ಎಕ್ಸಾಕ್ಟ್ ಆಡಿಯೋ ಕಾಪಿ’ ಹಾಕಿಕೊಳ್ಳಿ, ಉಚಿತ. ಮ್ಯಾಕ್‌ಗೆ ‘ಎಕ್ಸ್‌ಎಲ್‌ಡಿ’, ಲಿನಕ್ಸ್‌ಗೆ ‘ವಿಪ್ಪರ್’. ಬೇರೆ ಯಾವುದೂ ಬೇಡ. ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರಂತೂ ಖಂಡಿತ ಬೇಡ. ಅದರಲ್ಲಿ ‘ಕಾಪಿ ಪ್ರೊಟೆಕ್ಟ್’ ಅನ್ನುವ ಟಿಕ್ ಇರುತ್ತಿತ್ತು. ಅದು ಬಿದ್ದಿದ್ದರೆ ನಿಮ್ಮದೇ ಹಾಡಿಗೆ ನೀವೇ ಬೀಗ ಹಾಕಿದಂತೆ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ ಮೇಲೆ ಆ ಫೈಲ್ ಹಾಡುವುದಿಲ್ಲ.

ಎಕ್ಸಾಕ್ಟ್ ಆಡಿಯೋ ಕಾಪಿಯ ಡ್ರೈವ್ ಆಯ್ಕೆಗಳಿಗೆ ಹೋಗಿ ‘ಸೆಕ್ಯೂರ್ ಮೋಡ್’ ಆರಿಸಿ. ಇದರಲ್ಲಿ ಪ್ರತಿ ಭಾಗವನ್ನೂ ಕನಿಷ್ಠ ಎರಡು ಸಲ ಓದಿ ತಾಳೆ ನೋಡುತ್ತದೆ, ಹೊಂದದಿದ್ದರೆ ಮತ್ತೆ ಮತ್ತೆ ಓದುತ್ತದೆ. ಇದು ಯಾಕೆ ಬೇಕು? ಡೇಟಾ ಸಿಡಿಯಲ್ಲಿ ದೋಷ ತಿದ್ದಲು ಇನ್ನೊಂದು ಹೆಚ್ಚಿನ ಪದರ ಇರುತ್ತದೆ. ಆಡಿಯೋ ಸಿಡಿಯಲ್ಲಿ ಸೆಕ್ಟರ್ ಅನ್ನುವ ಪ್ರತಿ ತುಣುಕಿನ 2,352 ಬೈಟೂ ಹಾಡಿಗೇ ಹೋಗುತ್ತದೆ. ಒಂದೇ ಸಲ ಓದುವ ‘ಬರ್ಸ್ಟ್ ಮೋಡ್’ನಲ್ಲಿ ಐದು ನಿಮಿಷಕ್ಕೆ ಮುಗಿಯುತ್ತದೆ ನಿಜ, ಆದರೆ ಎಲ್ಲಿ ಟಿಕ್ ಟಿಕ್ ಸದ್ದು ಸೇರಿದೆ ಅಂತ ಗೊತ್ತೇ ಆಗುವುದಿಲ್ಲ. ಬೇಕಂತಲೇ ದೋಷ ತುಂಬಿದ ಡಿಸ್ಕ್ ಆದರೆ ‘ಸಿ2’ ಟಿಕ್ ತೆಗೆಯಿರಿ. ಅದು ಡ್ರೈವ್ ಹೇಳುವ ದೋಷದ ಲೆಕ್ಕ, ಅಲ್ಲಿ ನಂಬುವಂತಿಲ್ಲ. ವೇಗವನ್ನೂ ಇಳಿಸಿ. ನಂತರ ‘ಟೆಸ್ಟ್ ಅಂಡ್ ಕಾಪಿ’ ಒತ್ತಿ. ಕೊನೆಗೆ ಬರುವ, ತಾಳೆ ನೋಡುವ ಎರಡು ಸಿಆರ್‌ಸಿ ಸಂಖ್ಯೆ ಒಂದೇ ಆಗಿರಬೇಕು.

ಹಾಡಿನ ಪಟ್ಟಿಯೇ ಬರಲಿಲ್ಲವಾ? ತಂತ್ರಾಂಶ ಬದಲಿಸುತ್ತಾ ಕೂರಬೇಡಿ, ಡ್ರೈವ್ ಬದಲಿಸಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುತ್ತದೆ. ಕಾಗದದಷ್ಟು ಹಗುರವಾದ ಯುಎಸ್‌ಬಿ ಡ್ರೈವ್‌ಗಿಂತ ಹಳೆಯ ಡೆಸ್ಕ್‌ಟಾಪ್‌ನ ಡ್ರೈವ್ ಎಷ್ಟೋ ಮೇಲು. ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ, ಮೂಲೆಯಲ್ಲಿ ಬಿದ್ದಿರುತ್ತವೆ.

ಯಾವುದಕ್ಕೂ ಬಗ್ಗದಿದ್ದರೆ ಕೊನೆಯ ದಾರಿ ಡೆಕ್. ಡೆಕ್‌ನಲ್ಲಿ ಹಾಡುತ್ತದೆ ಅಂದರೆ ಪ್ರತಿಯೂ ಆಗುತ್ತದೆ. ಡೆಕ್‌ನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರ್ ಕೊಡಿ. ಮೈಕ್ ತೂತಿಗಲ್ಲ, ಸದ್ದು ಒಡೆಯುತ್ತದೆ. ‘ಆಡಾಸಿಟಿ’ ಅನ್ನುವ ರೆಕಾರ್ಡಿಂಗ್ ತಂತ್ರಾಂಶದಲ್ಲಿ 44,100ಕ್ಕೆ ಇಟ್ಟು ರೆಕಾರ್ಡ್ ಮಾಡಿ, ಮೀಟರ್ ಕೆಂಪು ಮುಟ್ಟದಿರಲಿ. ಒಂದು ಗಂಟೆಯ ಸಿಡಿಗೆ ಒಂದು ಗಂಟೆ ಬೇಕು. ಗುಣಮಟ್ಟ ಕೂದಲೆಳೆಯಷ್ಟು ಇಳಿಯಬಹುದು, ಆದರೆ ಹಾಡು ಉಳಿಯುತ್ತದೆ.

ಹಂತ 4: ಉಳಿಸಿಡುವುದು

‘ಫ್ಲಾಕ್’ ರೂಪದಲ್ಲೇ ಇಡಿ. ಒಂದು ಗಂಟೆಯ ಹಾಡು ಹಾಗೇ ಇಟ್ಟರೆ ಸುಮಾರು 635 ಎಂಬಿ. ಫ್ಲಾಕ್‌ನಲ್ಲಿ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಸದ್ದಿನಲ್ಲಿ ಚೂರೂ ಕಳೆಯುವುದಿಲ್ಲ. ಎಂಪಿ3 ಮೊಬೈಲಿಗೆ ಸಾಕು, ಬ್ಯಾಕಪ್‌ಗೆ ಅಲ್ಲ. ಹಾಡಿದವರ ಹೆಸರು, ಊರು, ತಂಡ ಎಲ್ಲ ಫೈಲ್ ಹೆಸರಿನಲ್ಲೇ ಬರೆಯಿರಿ. ಊರ ಕಡೆಯ ಸಿಡಿಗಳ ವಿವರ ಇಂಟರ್‌ನೆಟ್ ಪಟ್ಟಿಯಿಂದ ತಾನಾಗಿ ಬರುವುದು ಅಪರೂಪ. ಒಳಗಿನ ಕಾಗದದ ಫೋಟೋನೂ ಜೊತೆಗಿಡಿ. ಎರಡು ಪ್ರತಿ ಮಾಡಿ, ಒಂದು ಬೇರೆ ಮನೆಯಲ್ಲಿರಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಹಾರ್ಡ್‌ಡಿಸ್ಕ್ ಕೊಳ್ಳಿ.

ಅಪ್ಪಾಜಿಗೆ ಹಳೆಯ ಡೆಕ್‌ನಲ್ಲೇ ಕೇಳಬೇಕು ಅಂತಿದ್ದರೆ ಫ್ಲಾಕ್‌ನಿಂದ ಹೊಸ ಡಿಸ್ಕ್ ಬರ್ನ್ ಮಾಡಿ ಕೊಡಿ. ಡೇಟಾ ಅಲ್ಲ, ‘ಆಡಿಯೋ ಸಿಡಿ’ ಅಂತ ಆರಿಸಿ. ವೇಗ 16 ಸಾಕು. ಕೊನೆಯಲ್ಲಿ ಡಿಸ್ಕ್ ಫೈನಲೈಸ್ ಮಾಡಿ (ಬರೆಯುವುದು ಮುಗಿಯಿತು ಅಂತ ಮುಚ್ಚಿ), ಇಲ್ಲದಿದ್ದರೆ ಡೆಕ್ ಅದನ್ನು ಓದುವುದಿಲ್ಲ.