ಹಿಮನದಿಯ ನಕ್ಷೆಗೆ ಡ್ರೋನ್: ಮೊದಲು ಅಲುಗದ ಬಂಡೆ ಹುಡುಕಿ

ಹಿಮಾಚಲದ ಲಾಹೌಲ್-ಸ್ಪಿತಿಯಲ್ಲಿರುವ ಛೋಟಾ ಶಿಗ್ರಿ ಹಿಮನದಿಯ ಕೆಳತುದಿಯೇ 4,000 ಮೀಟರಿಗೂ ಮೇಲಿದೆ. ಅಂಥ ಕಡೆ ಡ್ರೋನ್ ಹಾರಿಸುವುದು ಅಷ್ಟೇನೂ ಕಷ್ಟವಲ್ಲ. ಎರಡು ವರ್ಷದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಾಗ ಕಾಣುವ ವ್ಯತ್ಯಾಸ ಮಂಜುಗಡ್ಡೆ ಕರಗಿದ್ದಕ್ಕೆ ಬಂತೋ, ನಮ್ಮ ಅಳತೆ ಜಾರಿದ್ದಕ್ಕೆ ಬಂತೋ ಎಂದು ಹೇಳುವುದೇ ಕಷ್ಟ. ಹಾಗಾಗಿ ಡ್ರೋನ್ ಪೆಟ್ಟಿಗೆ ಬಿಚ್ಚುವ ಮೊದಲು ನಾವು ನೆಲಕ್ಕೆ ಕಚ್ಚಿಕೊಂಡ ಬಂಡೆ ಹುಡುಕುತ್ತೇವೆ. ಹಿಮನದಿ ತಳ್ಳಿ ತಂದು ಗುಡ್ಡೆ ಹಾಕಿದ ಕಲ್ಲುರಾಶಿಯಲ್ಲಿ ಎಷ್ಟೇ ದೊಡ್ಡ ಬಂಡೆ ಕಂಡರೂ ನಂಬುವಂತಿಲ್ಲ; ಅದರಡಿ ಗಡ್ಡೆ ಇದ್ದರೆ ಅದೂ ಇಳಿಯುತ್ತಿರುತ್ತದೆ. ಗಟ್ಟಿ ಬಂಡೆ ಸಿಕ್ಕಮೇಲೆ ಸಣ್ಣ ರಂಧ್ರ ಕೊರೆದು, ಅದರ ಮೇಲೆ ಜಿಎನ್‌ಎಸ್‌ಎಸ್ ಬೇಸ್ (ಉಪಗ್ರಹಗಳ ನೆರವಿನಿಂದ ಜಾಗ ಅಳೆಯುವ ಸ್ಥಿರ ಉಪಕರಣ) ನಿಲ್ಲಿಸಿ, ಸೆಕೆಂಡಿಗೊಂದರಂತೆ ಇಡೀ ದಿನ ಅಳತೆ ದಾಖಲಿಸುತ್ತೇವೆ. ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ತಿದ್ದುಪಡಿಯೆಲ್ಲ ಕೆಳಗಿಳಿದ ಮೇಲೆ.

ಚಿತ್ರಗಳನ್ನು ನೆಲದ ಅಳತೆಗೆ ಹೊಂದಿಸಲು ಹಾಸುವ ಗುರುತುಗಳು ಇನ್ನೊಂದು ತಲೆನೋವು. ತೆಳ್ಳನೆಯ ಕಪ್ಪು ಹಾಳೆ ಹಾಸಿದರೆ ಬಿಸಿಲಿಗೆ ಕಾದು ತನ್ನಡಿಯ ಗಡ್ಡೆಯನ್ನೇ ಕರಗಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಹಳ್ಳ ಮಾಡಿಕೊಂಡು ಕೂತಿರುತ್ತದೆ. ದಪ್ಪ ಹಲಗೆ ಇಟ್ಟರೆ ತದ್ವಿರುದ್ಧ: ಅದರ ನೆರಳಿನಲ್ಲಿ ಗಡ್ಡೆ ಉಳಿದು ಸುತ್ತಲಿನದು ಕರಗಿ, ಕೆಲವು ದಿನದಲ್ಲಿ ಹಲಗೆ ಪೀಠದ ಮೇಲೆ ಏರಿದಂತೆ ಕಾಣುತ್ತದೆ. ಈಗ 60 ಸೆಂ.ಮೀ. ಚೌಕದ ಕಿತ್ತಳೆ ಬಟ್ಟೆ, ನಡುವೆ ಮಾತ್ರ ಸಣ್ಣ ಕಪ್ಪು ಗುರುತು, ನಾಲ್ಕು ಮೂಲೆಗೆ ಕಲ್ಲು. ವರ್ಷಕ್ಕೆ 36 ಮೀಟರ್ ಹರಿಯುವ ಹಿಮನದಿ ಅಂದರೆ ದಿನಕ್ಕೆ ಹತ್ತಿರಹತ್ತಿರ 10 ಸೆಂ.ಮೀ.; ಗಡ್ಡೆಯ ಮೇಲಿನ ಗುರುತನ್ನು ನಿನ್ನೆ ಅಳೆದು ಇವತ್ತು ಹಾರಿಸಿದರೆ ಅಷ್ಟು ತಪ್ಪು ನಾವೇ ಸೇರಿಸಿದಂತೆ. ಅಳತೆ, ಹಾರಾಟ ಎರಡೂ ಒಂದೇ ಬೆಳಗ್ಗೆ ಮುಗಿಯಬೇಕು.

ಫ್ಯಾಂಟಮ್ 4 ಆರ್‌ಟಿಕೆ ಡ್ರೋನ್ 120 ಮೀಟರ್ ಮೇಲಿಂದ ತೆಗೆದ ಒಂದು ಚಿತ್ರ ಸುಮಾರು 180×120 ಮೀಟರ್ ಜಾಗ ಹಿಡಿಯುತ್ತದೆ, ಪಿಕ್ಸೆಲ್‌ಗೆ 3.3 ಸೆಂ.ಮೀ. ಮುಂದಕ್ಕೆ ಶೇ. 80, ಪಕ್ಕಕ್ಕೆ ಶೇ. 70 ಓವರ್‌ಲ್ಯಾಪ್ ಬೇಕೆಂದರೆ 24 ಮೀಟರಿಗೊಂದು ಚಿತ್ರ, ಸಾಲಿನಿಂದ ಸಾಲಿಗೆ 54 ಮೀಟರ್. ಎಡವಟ್ಟಾಗುವುದು ಇಳಿಜಾರಿನಲ್ಲಿ. ನೆಲ 60 ಮೀಟರ್ ಏರಿ ಡ್ರೋನ್ ಮಾತ್ರ ಅದೇ ಮಟ್ಟದಲ್ಲಿ ಉಳಿದರೆ ಚಿತ್ರದ ವ್ಯಾಪ್ತಿ ಅರ್ಧವಾಗುತ್ತದೆ, ಶೇ. 80 ಇದ್ದದ್ದು 60ಕ್ಕೆ, 70 ಇದ್ದದ್ದು 40ಕ್ಕೆ ಇಳಿಯುತ್ತದೆ. ನಕ್ಷೆಯ ಮೇಲ್ಭಾಗದಲ್ಲಿ ತೂತು ಬೀಳುವುದು ಇದಕ್ಕೇ. ಊರು ಬಿಡುವ ಮುನ್ನವೇ ಆ ಪ್ರದೇಶದ ಎತ್ತರದ ಮಾದರಿಯನ್ನು ರಿಮೋಟ್‌ಗೆ ಹಾಕಿಕೊಂಡು, ನೆಲವನ್ನು ಅನುಸರಿಸಿ ಹಾರುವ ಹಾಗೆ ಮಾಡಿ.

ಎಕ್ಸ್‌ಪೋಶರ್ ಮ್ಯಾನುಯಲ್‌ನಲ್ಲೇ ಇರಲಿ: ಐಎಸ್‌ಒ 100, 1/1000 ಸೆಕೆಂಡಿನ ಆಸುಪಾಸು, ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ರೇಖಾಚಿತ್ರ) ಬಲಗೋಡೆಗೆ ತಾಗಬಾರದು. ಸುಟ್ಟುಹೋದ ಬಿಳುಪಿನಲ್ಲಿ ಚಿತ್ರ ಜೋಡಿಸುವ ಸಾಫ್ಟ್‌ವೇರ್‌ಗೆ ಹಿಡಿದುಕೊಳ್ಳಲು ಒಂದು ಚುಕ್ಕೆಯೂ ಸಿಗುವುದಿಲ್ಲ. ಹೊಲದ ಸರ್ವೆ ಮಾಡಿ ಬಂದವರು ಮೋಡ ಕಂಡರೆ ಖುಷಿಪಡುತ್ತಾರೆ. ಹಿಮದ ಮೇಲೆ ಮೋಡವೇ ಶತ್ರು. ಗಾಳಿ ಕೊರೆದ ಸಣ್ಣ ಏರಿಳಿತಗಳು ಓರೆಬಿಸಿಲಿದ್ದರೆ ಮಾತ್ರ ಕಾಣುತ್ತವೆ. ಹೊಸ ಹಿಮ ಬಿದ್ದಿದ್ದರೆ ಎರಡು ದಿನ ಕಾದು ಹಾರಿಸುವುದು ಮೇಲು.

4,000 ಮೀಟರ್‌ನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡು ಭಾಗ. ಹಾಗಾಗಿ ಪೆಟ್ಟಿಗೆಯ ಮೇಲೆ ಬರೆದ 30 ನಿಮಿಷದ ಹಾರಾಟ ಮರೆತು 15ಕ್ಕೆ ಯೋಜಿಸಿ. ಬ್ಯಾಟರಿ ಜಾಕೆಟ್ಟಿನೊಳಗೆ ಬೆಚ್ಚಗಿರಲಿ, ಏರಿದ ಮೇಲೆ ಒಂದು ನಿಮಿಷ ನಿಂತಲ್ಲೇ ತೇಲಿಸಿ, ಶೇ. 40 ಆದಾಗ ವಾಪಸ್ ಕರೆಯಿರಿ.

ಮೆಟಾಶೇಪ್‌ನಲ್ಲಿ (ಚಿತ್ರ ಜೋಡಿಸಿ ನಕ್ಷೆ ಮಾಡುವ ಸಾಫ್ಟ್‌ವೇರ್) ನೇರ ಕೆಳಮುಖದ ಚಿತ್ರಗಳನ್ನಷ್ಟೇ ಹಾಕಿದರೆ ನೆಲ ಬಟ್ಟಲಿನಂತೆ ಬಾಗುವುದುಂಟು. ಕ್ಯಾಮೆರಾವನ್ನು ಸುಮಾರು 20 ಡಿಗ್ರಿ ಓರೆ ಮಾಡಿ ತೆಗೆದ ಒಂದೆರಡು ಸಾಲು ಸೇರಿಸಿದರೆ ಬಹುಪಾಲು ಸರಿಹೋಗುತ್ತದೆ. ಆಮೇಲೆ ಎರಡೂ ವರ್ಷದ ಎತ್ತರ ಕಳೆದು, ಮೊದಲು ನೋಡಬೇಕಾದದ್ದು ಗಡ್ಡೆಯನ್ನಲ್ಲ, ಪಕ್ಕದ ಬಂಡೆಯನ್ನು. ಬಂಡೆಯೇ 15 ಸೆಂ.ಮೀ. ಇಳಿದಂತೆ ಕಂಡರೆ ಜೋಡಣೆ ಸರಿಯಿಲ್ಲ, ಮತ್ತೆ ಹೊಂದಿಸಿ.

ಎತ್ತರದ ಇಳಿಕೆಯನ್ನು ಘನ ಮೀಟರಿಗೆ 850 ಕೆ.ಜಿ. ಎಂದು ಗುಣಿಸಿ ನೀರಿನ ಲೆಕ್ಕ ಕೊಡುವ ರೂಢಿಯಿದೆ. ಆ ಸಂಖ್ಯೆ ಇಡೀ ಹಿಮನದಿಗೆ, ಅದೂ ಹಲವು ವರ್ಷದ ಅವಧಿಗೆ. ಕೆಳತುದಿಯನ್ನಷ್ಟೇ ಹಾರಿಸಿದವರು ಹಾಗೆ ಮಾಡುವಂತಿಲ್ಲ: ಮೇಲಿನಿಂದ ಹರಿದು ಬಂದ ಗಡ್ಡೆ ಅಲ್ಲಿನ ಮಟ್ಟವನ್ನು ಎತ್ತುತ್ತಲೇ ಇರುತ್ತದೆ, ಹಾಗಾಗಿ ಒಂದು ಮೀಟರ್ ಇಳಿದ ಕಡೆ ಕರಗಿದ್ದು ಒಂದು ಮೀಟರಿಗಿಂತ ಹೆಚ್ಚು.